ಉತಾರದಲ್ಲಿ ನಿಮ್ಮ ಹೆಸರಿದೆಯೇ?

ಕೂಡಲಸಂಗಮದ ಕಡೆಯ ಹಳ್ಳಿಗಳಲ್ಲಿ ಹಿಂದೆ ಉತಾರ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. 2000ದ ಹೊತ್ತಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ತಾಲೂಕು ಕಚೇರಿಯಲ್ಲಿ ಅಂದು 15 ರೂಪಾಯಿ ಕೊಟ್ಟರೆ ಸಾಕಾಗಿತ್ತು.

ಒಳ್ಳೆಯದೇ ಆಯಿತು. ಆದರೆ ಹಳೆಯ ಕಡತದಲ್ಲಿದ್ದುದನ್ನೇ ತಾನೇ ಕಂಪ್ಯೂಟರಿಗೆ ತುಂಬಿದ್ದು? ತಂದೆ ತೀರಿಕೊಂಡಾಗ ವಾರಸಾದಲ್ಲಿ ಅಣ್ಣತಮ್ಮಂದಿರ ಹೆಸರನ್ನಷ್ಟೇ ಬರೆಸಿದ್ದರೆ ಯಂತ್ರವೂ ಅಷ್ಟನ್ನೇ ಮುದ್ರಿಸುತ್ತದೆ. ಮಗಳ ಪಾಲನ್ನು ಸೂರಃ ಅನ್ನಿಸಾ ನಿಗದಿಪಡಿಸಿದೆ. ಅದು ಅಣ್ಣ ಕೊಡುವ ಉಡುಗೊರೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆಯತೇ ಕುರ್‌ಆನಿನಲ್ಲಿ ಅತ್ಯಂತ ದೀರ್ಘವಾದುದು. ಬರಹಕ್ಕೆ ಅಷ್ಟು ಮಹತ್ವವಿರುವ ದೀನ್‌ನಲ್ಲಿ ನಮ್ಮ ಹೆಸರು ಬಿಟ್ಟುಹೋಗಿದ್ದು ಹೇಗೆ?

ತವರು ತಪ್ಪೀತೆಂಬ ನಿಮ್ಮ ಭಯ ನನಗೂ ಗೊತ್ತು. ಕೇಳುವ ಮೊದಲು ನೋಡಿಯಾದರೂ ನೋಡಿ. ಸರ್ವೇ ನಂಬರ್ ಗೊತ್ತಿದ್ದರೆ ಈಗ ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಮಾಲೀಕರ ಹೆಸರು 9ನೇ ಕಾಲಂನಲ್ಲಿ, ಸಾಲವಿದ್ದರೆ 11ರಲ್ಲಿ.