ಕೂಡಿದ್ದೆಲ್ಲ ಸಮ್ಮಿಳನವಲ್ಲ

‘ಕೂಡಿದರೆ ಸಮ್ಮಿಳನ, ಒಡೆದರೆ ವಿದಳನ.’ ಕಮತಗಿಯ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಸಾಲು ಇನ್ನೂ ಬಾಯಿಪಾಠವಿರಬಹುದು. ಕಲಿಸಿದವನು ನಾನೇ. ಒಮ್ಮೆ ಒಬ್ಬ ಹುಡುಗನು ‘ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಾಗುವುದು ಸಮ್ಮಿಳನ’ ಎಂದು ಬರೆದಾಗ ಸೊನ್ನೆ ಹಾಕಿದೆ. ಆ ಸೊನ್ನೆ ನನಗೆ ಸಲ್ಲಬೇಕಾಗಿತ್ತು. ಅದೇ ಸಾಲನ್ನು ಇಂದಿಗೂ ಮಕ್ಕಳಿಗೆ ಗಿಳಿಪಾಠ ಮಾಡಿಸುವುದನ್ನು ಕಂಡು ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರ ಮಗ್ಗವನ್ನು ನೆನೆಯಿರಿ. ಇಳಕಲ್ ಸೀರೆಗೆ ಒಡಲಿನ ಹತ್ತಿಯ ಎಳೆಯನ್ನೂ ಸೆರಗಿನ ರೇಷ್ಮೆಯ ಎಳೆಯನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಹತ್ತಿ ಹತ್ತಿಯಾಗಿಯೇ, ರೇಷ್ಮೆ ರೇಷ್ಮೆಯಾಗಿಯೇ ಉಳಿಯುತ್ತದೆ. ರಾಸಾಯನಿಕ ಬಂಧವೂ ಅಂಥದೇ. ಅಲ್ಲಿ ವ್ಯವಹಾರವೆಲ್ಲ ಹೊರಗಿನ ಇಲೆಕ್ಟ್ರಾನುಗಳದು, ಬೀಜಕೇಂದ್ರ ಅಲುಗುವುದಿಲ್ಲ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿದರೆ ಹೈಡ್ರೋಜನ್ ಮರಳಿ ದೊರೆಯುತ್ತದೆ. ಸಮ್ಮಿಳನದಲ್ಲಾದರೋ ನೂಲೇ ಬೇರೆಯಾಗುತ್ತದೆ: ಬೀಜಕೇಂದ್ರಗಳು ಬೆಸೆದು ಹೈಡ್ರೋಜನ್ ಹೀಲಿಯಂ ಆಗುತ್ತದೆ.

ಇನ್ನು ಶಕ್ತಿಯ ಲೆಕ್ಕ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲು ಉರಿಯುವುದು ರಾಸಾಯನಿಕ ಕ್ರಿಯೆ. ಇಂಗಾಲದ ಒಂದು ಪರಮಾಣುವಿನಿಂದ ಸುಮಾರು 4 ಇಲೆಕ್ಟ್ರಾನ್ ವೋಲ್ಟ್ ಶಕ್ತಿ. ಕಾಳಿ ನದಿಯ ದಡದ ಕೈಗಾದಲ್ಲಿ ನಡೆಯುವುದು ವಿದಳನ. ಯುರೇನಿಯಂ-235ರ ಒಂದು ಬೀಜಕೇಂದ್ರ ಒಡೆದರೆ ಸುಮಾರು 20 ಕೋಟಿ. ಸೂರ್ಯನ ಗರ್ಭದಲ್ಲಿ ನಾಲ್ಕು ಹೈಡ್ರೋಜನ್ ಬೆಸೆದು ಒಂದು ಹೀಲಿಯಂ ಆದಾಗ ಸುಮಾರು 2.7 ಕೋಟಿ. ಸೂರ್ಯನದು ಕಡಿಮೆಯೆನ್ನಬೇಡಿ, ತೂಕಕ್ಕೆ ತೂಕ ಹಿಡಿದರೆ ಯುರೇನಿಯಂಗಿಂತ ಸುಮಾರು ಎಂಟು ಪಟ್ಟು ಹೆಚ್ಚು.

‘ಪರೀಕ್ಷೆಗೆ ಅಷ್ಟು ಸಾಕು’ ಎನ್ನುವವರಿದ್ದಾರೆ. ಸಾಲದು. ಕೈಗಾದ ಮಾತು ಬಂದಾಗ ಒಬ್ಬರು ‘ಹೈಡ್ರೋಜನ್ ಬಾಂಬಿನಂತೆ ಸಿಡಿದೀತು’ ಎನ್ನುತ್ತಾರೆ, ಇನ್ನೊಬ್ಬರು ‘ಸೂರ್ಯನಷ್ಟೇ ಶುದ್ಧ’ ಎನ್ನುತ್ತಾರೆ. ಎರಡೂ ಸುಳ್ಳು. ಆ ಸ್ಥಾವರ ಬಾಂಬಿನಂತೆ ಸಿಡಿಯಲಾರದು. ಆದರೆ ವಿದಳನದ ಚೂರುಗಳು ವಿಕಿರಣ ಸೂಸುತ್ತವೆ, ಸ್ಥಾವರ ನಿಲ್ಲಿಸಿದ ಮೇಲೂ ಶಾಖ ಕೊಡುತ್ತವೆ. 2011ರಲ್ಲಿ ಫುಕುಶಿಮಾದ ಅನಾಹುತಕ್ಕೆ ಮೂಲ ಆ ಶಾಖವೇ. ಇತ್ತ ಸಮ್ಮಿಳನದ ವಿದ್ಯುತ್ತನ್ನು ಜನರಿಗೆ ಒದಗಿಸುವ ಸ್ಥಾವರ ಜಗತ್ತಿನಲ್ಲಿ ಇನ್ನೂ ಒಂದಿಲ್ಲ. ಧನವಿದ್ಯುದಂಶದ ಬೀಜಕೇಂದ್ರಗಳು ಒಂದನ್ನೊಂದು ದೂಡುತ್ತವೆ. ಅವನ್ನು ಬೆಸೆಯಲು ಸೂರ್ಯನ ಗರ್ಭದಲ್ಲೇ ಸುಮಾರು ಒಂದೂವರೆ ಕೋಟಿ ಡಿಗ್ರಿ ತಾಪ ಬೇಕು. ಇಷ್ಟನ್ನು ಅರಿಯದ ಪ್ರಜೆ ಕೈಗಾವನ್ನು ಒಪ್ಪಿದರೂ ಕುರುಡು, ವಿರೋಧಿಸಿದರೂ ಕುರುಡು.

ನಿಮ್ಮಲ್ಲಿ ಶಿಕ್ಷಕರಾದವರಿಗೆ ನನ್ನ ಕೋರಿಕೆ ಇಷ್ಟೇ. ಆ ಸಾಲನ್ನು ಅಳಿಸಿಬಿಡಿ, ‘ಕೂಡಿದ್ದು ಏನು? ಧಾತು ಉಳಿಯಿತೋ, ಬದಲಾಯಿತೋ?’ ಎಂದು ಕೇಳಿರಿ.

ಸೊನ್ನೆ ಪಡೆದ ತಮ್ಮಾ, ನೀನು ಇದನ್ನು ಓದುತ್ತಿದ್ದರೆ ತಿಳಿ: ನಾನು ಕಲಿಸಿದ್ದನ್ನೇ ನೀನು ಬರೆದಿದ್ದೆ. ತಪ್ಪು ನಿನ್ನದಲ್ಲ.