ಅಡಕೆಗಿಲ್ಲದ ಗಡಿ ಅಂಕಪಟ್ಟಿಗೆ ಯಾಕೆ?

ಕಳೆದ ಸಲ ಊರಿಗೆ ಹೋದಾಗ ಹಿಡಿದ ತಲೆಬಿಸಿ ಇದು. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಬಿಡಲಿಲ್ಲ. ಬರೆದಾದರೂ ಇಳಿಸೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾದರೆ ಬೈಯಬೇಡಿ :-)

ನಮ್ಮದು ಮಂಡೆಕೋಲು. ಸುಳ್ಯ ತಾಲೂಕಿನ ಗಡಿಯ ಊರು. ಆಚೆ ಹೋದರೆ ಕಾಸರಗೋಡು ಜಿಲ್ಲೆ, ಕೇರಳ. ನೆಂಟರು ಎರಡೂ ಕಡೆ ಇದ್ದಾರೆ. ಈಚೆಯ ತೋಟಕ್ಕೆ ಬಿಡುವ ಬೋರ್ಡೋ ದ್ರಾವಣವೇ ಆಚೆಯ ತೋಟಕ್ಕೂ. ರಾತ್ರಿ ಬಂದು ಬಾಳೆ ಮುರಿದು ಹೋಗುವ ಆನೆಗಳಂತೂ ಗಡಿಕಲ್ಲನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಆ ದಿನ ಸಂಜೆ ಜಗಲಿಯಲ್ಲಿ ಕೂತಿದ್ದೆವು. ದೊಡ್ಡಪ್ಪನ ಮಗಳು ಅಕ್ಕ ಬಂದಿದ್ದಳು. ಅವಳು ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಕಾಮರ್ಸ್ ಪಾಠ. ಮಾತು ಆಚೆ ಕಡೆಯ ಅತ್ತೆಯ ಮಗನ ಮೇಲೆ ಹೋಯಿತು. ಅವನು ಕೇರಳದಲ್ಲಿ ಡಿಗ್ರಿ ಮುಗಿಸಿ ಈಚೆ ಎಂ.ಕಾಂ.ಗೆ ಸೇರಬೇಕೆಂದು ಹೊರಟವನು. ಮೈಗ್ರೇಶನ್ ಸರ್ಟಿಫಿಕೇಟು, ಅರ್ಹತಾ ಪತ್ರ, ಅದಕ್ಕೊಂದು ಶುಲ್ಕ, ಅದರ ರಸೀದಿ..

"ಮೂರು ಸಲ ಹೋಗಿ ಬಂದ ಮಾರಾಯ. ಅಡಕೆ ಗೋಣಿಯಾಗಿದ್ರೆ ಒಂದೇ ಸಲಕ್ಕೆ ದಾಟ್ತಿತ್ತು" ಅಂದಳು ಅಕ್ಕ.

ಎಲ್ಲರೂ ನಕ್ಕೆವು. ಆದರೆ ಮಾತು ಸುಳ್ಳಲ್ಲವಲ್ಲ!

1970ರ ದಶಕದ ಮೊದಲಿಗೆ ಅಡಕೆ ದರ ಬಿದ್ದು ಬೆಳೆಗಾರರು ಕಂಗಾಲಾದಾಗ ನಮ್ಮ ಹಿರಿಯರು ಏನು ಮಾಡಿದರು? ಕರ್ನಾಟಕದವರೂ ಕೇರಳದವರೂ ಸೇರಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ಎರಡು ರಾಜ್ಯ, ಒಂದು ಸಂಸ್ಥೆ, ಒಂದೇ ಖರೀದಿ ವ್ಯವಸ್ಥೆ. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೂ ಬಂತು. ಒಬ್ಬೊಬ್ಬರೇ ವ್ಯಾಪಾರಿಯ ಮುಂದೆ ನಿಂತರೆ ಕೆಲಸ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೂಡಿದ್ದಕ್ಕೆ ಯಾರ ತೋಟವೂ ಯಾರ ಹೆಸರಿಗೂ ಹೋಗಲಿಲ್ಲ.

ಈಗ ವಿಶ್ವವಿದ್ಯಾಲಯಗಳ ಕಡೆ ನೋಡಿ. ನಮ್ಮೂರ ಸುತ್ತ ಎಷ್ಟಿವೆ ಅಂತ ಲೆಕ್ಕ ಹಾಕಿದೆ. ಪಡುವಣಕ್ಕೆ ಕೊಣಾಜೆಯ ಮಂಗಳೂರು ವಿವಿ (1980). ತೆಂಕಲಿಗೆ ಕಣ್ಣೂರು ವಿವಿ (1996). ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿವಿ (2009). ಘಟ್ಟದ ಮೇಲೆ ಚಿಕ್ಕ ಅಳುವಾರದಲ್ಲಿ ಕೊಡಗು ವಿವಿ (2023). ಯಾವುದಕ್ಕೇ ಆಗಲಿ, ಬೆಳಗ್ಗೆ ಹೊರಟರೆ ರಾತ್ರಿಗೆ ಮನೆ ಸೇರಬಹುದು. ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಮಾತ್ರ ವಿವಿ ಇರುವುದು ದೂರದ ಬೆಳಗಾವಿಯಲ್ಲಿ, ಆ ಕಥೆ ಬೇರೆ.

ನಾಲ್ಕು ವಿವಿ ಅಂದರೆ ನಾಲ್ಕು ಪರೀಕ್ಷಾ ವಿಭಾಗ, ನಾಲ್ಕು ಗ್ರಂಥಾಲಯ, ನಾಲ್ಕು ಕಡೆ ಸರ್ವರ್ ನೋಡಿಕೊಳ್ಳುವವರು. ಎಲ್ಲ ಕಡೆಯೂ ಜನ ಸಾಲದು, ದುಡ್ಡು ಸಾಲದು ಎಂಬ ಮಾತು. ಕೊಡಗಿನದನ್ನೇ ತೆಗೆದುಕೊಳ್ಳಿ. ಚಿಕ್ಕ ಅಳುವಾರದ್ದು ಮೊದಲು ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಅದು ಬೇರೆಯಾಗಿ ಎರಡು ವರ್ಷ ಆಗುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿವಿಗಳ ಪೈಕಿ ಒಂಬತ್ತನ್ನು ಮುಚ್ಚಿ ಮಾತೃ ವಿವಿಗಳಿಗೆ ಸೇರಿಸಬೇಕೆಂದು ಸಂಪುಟ ಉಪಸಮಿತಿ ಹೇಳಿತು. ಆ ಪಟ್ಟಿಯಲ್ಲಿ ಕೊಡಗೂ ಇತ್ತು. ಕಾರಣ ಅದೇ, ದುಡ್ಡಿಲ್ಲ, ಜನರಿಲ್ಲ.

ನಮಗೆ ಗೊತ್ತಿರುವ ದಾರಿ ಎರಡೇ ಅನ್ನಿಸುತ್ತದೆ. ಒಂದೋ ಪಾಲು ಮಾಡುವುದು, ಇಲ್ಲವೋ ಒಟ್ಟು ಮಾಡುವುದು. ಮನೆ ಪಾಲಾದ ಮೇಲೂ ಅಂಗಳ ಒಂದೇ ಇರಬಹುದು, ಕೆರೆ ಒಂದೇ ಇರಬಹುದು. ಈ ಮೂರನೇ ದಾರಿಯ ಬಗ್ಗೆ ಯಾರೂ ಜೋರಾಗಿ ಮಾತಾಡುವುದಿಲ್ಲ.

ಒಟ್ಟಿಗೆ ಮಾಡುವ ಪ್ರಯತ್ನ ಆಗಿಯೇ ಇಲ್ಲ ಅಂತಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ 1991ರಿಂದ ಇದೆ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾದಲ್ಲಿ ಒಟ್ಟು ಹಾಕಿದ್ದು ಅದೇ ಸಂಸ್ಥೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು. ಸರಕಾರಿ ಕಾಲೇಜಿನ ಹುಡುಗನೂ ಐಐಟಿಯವನು ಓದುವ ಜರ್ನಲ್ಲನ್ನೇ ಓದಬಹುದು. ಒಳ್ಳೆಯ ಕೆಲಸ, ಒಪ್ಪಿದೆ.

ನಮ್ಮ ರಾಜ್ಯದಲ್ಲಿ 2021-22ರಿಂದ ಯುಯುಸಿಎಂಎಸ್ ಬಂತು. ಪ್ರವೇಶದಿಂದ ಫಲಿತಾಂಶದವರೆಗೆ ರಾಜ್ಯದ ವಿವಿಗಳಿಗೆಲ್ಲ ಒಂದೇ ತಂತ್ರಾಂಶ. ಟೆಕ್ಕಿಯಾಗಿ ನನಗೆ ಈ ಯೋಚನೆ ಇಷ್ಟ. ಆದರೆ ಮೊದಲ ವರ್ಷಗಳಲ್ಲಿ ಫಲಿತಾಂಶ ತಡ, ಅಂಕಪಟ್ಟಿ ತಡ ಅಂತ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದೆವು. ತಂತ್ರಾಂಶ ಬರೆದವರನ್ನು ಬೈಯುವುದು ಸುಲಭ (ನಾನೂ ಅದೇ ಜಾತಿಯವನು, ಬೈಸಿಕೊಂಡು ಅಭ್ಯಾಸವಿದೆ). ನನ್ನ ತಕರಾರು ಬೇರೆ. ಮೇಲಿನಿಂದ ಬಂದದ್ದನ್ನು ಎಲ್ಲರೂ ಬಳಸುವುದು ಬೇರೆ, ಕೂಡಿ ಕಟ್ಟಿಕೊಂಡದ್ದನ್ನು ಬಳಸುವುದು ಬೇರೆ. ಸ್ವೀಡನ್ನಿನಲ್ಲಿ ಲಾಡೋಕ್ ಅಂತ ಒಂದು ವ್ಯವಸ್ಥೆ ಇದೆ. ವಿದ್ಯಾರ್ಥಿಗಳ ದಾಖಲೆ, ಅಂಕ ಎಲ್ಲ ಅದರಲ್ಲೇ. ಅದಕ್ಕೆ ಮಾಲೀಕರು ಅಲ್ಲಿನ ವಿಶ್ವವಿದ್ಯಾಲಯಗಳೇ, ಸುಮಾರು ನಲವತ್ತು ಸಂಸ್ಥೆಗಳು ಕೂಡಿ. ಏನು ಬದಲಾಗಬೇಕು, ಯಾವುದು ಮೊದಲು ಎಂದು ಬಳಸುವವರೇ ಕೂತು ತೀರ್ಮಾನಿಸುತ್ತಾರೆ. ನಮ್ಮ ಕ್ಯಾಂಪ್ಕೋ ಥರವೇ ಅಂದುಕೊಳ್ಳಿ.

ಈಗ ಒಂದು ಸ್ವಂತ ಅನುಭವ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ನಾಲ್ಕು ತಂಡಗಳಿಗೆ ಸೇರಿ ಒಂದು ಸರ್ವರ್ ಇತ್ತು. ನಾಲ್ವರದ್ದು ಅಂದರೆ ಯಾರದ್ದೂ ಅಲ್ಲ. ಕೆಟ್ಟು ನಿಂತಾಗ ನಾಲ್ಕೂ ತಂಡ ಕಾಫಿ ಕುಡಿಯುತ್ತಾ ಪರಸ್ಪರ ಬೈದುಕೊಳ್ಳುವುದು. ಕೊನೆಗೆ ಒಬ್ಬ ಹಿರಿಯರು ನಿಯಮ ಮಾಡಿದರು. ಪ್ರತಿ ತಂಡದಿಂದ ಒಬ್ಬ, ಸರದಿಯ ಮೇಲೆ, ಒಂದೊಂದು ವಾರ ಆ ಸರ್ವರ್ ನೋಡಿಕೊಳ್ಳಬೇಕು. ಮೊದಲ ತಿಂಗಳು ರಂಪ. ಆರು ತಿಂಗಳಲ್ಲಿ ನಾಲ್ಕೂ ತಂಡಗಳಲ್ಲಿ ಅದರ ಒಳಹೊರಗು ಬಲ್ಲವರು ತಯಾರಾಗಿದ್ದರು. ಯಾರೂ ತರಬೇತಿ ಅಂತ ಕರೆಯಲಿಲ್ಲ, ಸರ್ಟಿಫಿಕೇಟು ಕೊಡಲಿಲ್ಲ. ನಾನು ಅಲ್ಲಿ ಕಲಿತಷ್ಟು ಕಾಲೇಜಿನಲ್ಲಿ ಕಲಿಯಲಿಲ್ಲ.

ನಾನು ಹೇಳಬೇಕಾದದ್ದು ಇದೇ. ಸೇವೆ ಹಂಚಿಕೊಳ್ಳುವುದು ಮತ್ತು ಸಿಬ್ಬಂದಿಯನ್ನು ಬೆಳೆಸುವುದು ಎರಡು ಬೇರೆ ಬೇರೆ ಕಡತಗಳಲ್ಲ. ಹಂಚಿಕೊಂಡ ಕೆಲಸವನ್ನು ಸರದಿಯಲ್ಲಿ ಮಾಡಿದರೆ ಜನ ತಾವಾಗಿಯೇ ಬೆಳೆಯುತ್ತಾರೆ. ಜನರನ್ನು ಬಿಟ್ಟು ಬರೀ ಯಂತ್ರ ಹಂಚಿಕೊಂಡರೆ ನಾಲ್ವರ ಸರ್ವರಿನ ಗತಿಯೇ.

ಇದನ್ನೇ ಅಕ್ಕನಿಗೆ ಉತ್ಸಾಹದಿಂದ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅದ್ರಲ್ಲಿ ನಾವು ಉಂಟಾ?"

ನಾನು ಸುಮ್ಮನಾದೆ. ಅಧ್ಯಾಪಕರ ತರಬೇತಿಗೆಂದು ಯುಜಿಸಿ 1987ರಲ್ಲೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ಆಮೇಲೆ ಹೆಸರು ಬದಲಾಗಿ, 2023ರಿಂದ ಮಾಳವೀಯ ಮಿಷನ್ ಆಗಿದೆ. ಕಾಯಂ ಅಧ್ಯಾಪಕರು ಹೋಗುತ್ತಾರೆ, ಯಾಕೆಂದರೆ ಬಡ್ತಿಗೆ ಅದು ಬೇಕು. ಅತಿಥಿಗೆ ಬಡ್ತಿ ಎಲ್ಲಿಯದು? ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಹೆಚ್ಚು. 2023ರ ಕೊನೆಗೆ ಅವರು ಸೇವೆ ಕಾಯಂ ಮಾಡಿ ಎಂದು ಮುಷ್ಕರ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಅಂದರೆ ಕಾಲೇಜು ನಡೆಯುವುದು ಅವರಿಂದ, ತರಬೇತಿಯ ಪಟ್ಟಿ ಶುರುವಾಗುವುದು ಬೇರೆಯವರಿಂದ. ಅಕ್ಕ ಏಳು ವರ್ಷದಿಂದ ಪಾಠ ಮಾಡುತ್ತಿದ್ದಾಳೆ. ಒಂದು ದಿನದ ತರಬೇತಿಗೂ ಅವಳನ್ನು ಯಾರೂ ಕಳಿಸಿಲ್ಲ. ಹೊಸ ಜಿಎಸ್‌ಟಿ ಪಾಠ ಬಂದಾಗ ಯೂಟ್ಯೂಬ್ ನೋಡಿ ಕಲಿತು ಮಕ್ಕಳಿಗೆ ಹೇಳಿಕೊಟ್ಟಳು.

ಹಾಗಾಗಿ ನನ್ನ ಆಸೆ ದೊಡ್ಡದೇನಲ್ಲ. ಈ ನಾಲ್ಕು ವಿವಿಗಳು ವರ್ಷಕ್ಕೆರಡು ಸಲ, ಒಂದೊಂದು ಸಲ ಒಂದೊಂದು ಕಡೆ, ವಿಷಯವಾರು ಒಂದು ವಾರ ಒಟ್ಟಿಗೆ ಕೂರಲಿ. ಅಧ್ಯಾಪಕರು ಮಾತ್ರ ಅಲ್ಲ, ಗ್ರಂಥಾಲಯದವರು, ಪರೀಕ್ಷಾ ವಿಭಾಗದ ಗುಮಾಸ್ತರು, ಮತ್ತು ಕಡ್ಡಾಯವಾಗಿ ಅತಿಥಿಗಳು. ಆ ವಾರದ ಸಂಬಳ ಕಡಿಯಬಾರದು. ಕನ್ನಡ, ತುಳು, ಅರೆಭಾಷೆ, ಕೊಡವ ತಕ್ಕಿನ ಪುಸ್ತಕಗಳಿಗೆ ನಾಲ್ಕೂ ಗ್ರಂಥಾಲಯಗಳ ಒಂದೇ ಸೂಚಿ ಆಗಲಿ. ದೊಡ್ಡ ಜರ್ನಲ್ ಯೋಜನೆಗಳಲ್ಲಿ ಇವು ಸಿಗುವುದಿಲ್ಲ, ನಾವೇ ಮಾಡಬೇಕು. ಇನ್ನು ಅಂಕಪಟ್ಟಿ. ಡಿಜಿಲಾಕರ್ ಇದೆ, 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕೂಡ ಇದೆ. ಒಂದು ವಿವಿಯ ಅಂಕಪಟ್ಟಿಯನ್ನು ಪಕ್ಕದ ವಿವಿ ಪರದೆಯ ಮೇಲೆ ನೋಡಿ ಒಪ್ಪಿದರೆ ಸಾಕು, ಅತ್ತೆಯ ಮಗನ ಮೂರು ಬಸ್ಸಿನ ಚಾರ್ಜು ಉಳಿಯುತ್ತದೆ.

"ಹಾಗೆ ಮಾಡಿದರೆ ನಮ್ಮ ವಿವಿಯ ವೈಶಿಷ್ಟ್ಯ ಹೋಗುತ್ತದೆ" ಅನ್ನುವವರು ಇದ್ದಾರೆ. ಅವರಿಗೆ ನಮ್ಮ ಕಥೆಯೇ ಉತ್ತರ. ಒಂದು ಕಾಲದಲ್ಲಿ ಒಬ್ಬ ಬರಹದಲ್ಲಿ, ಇನ್ನೊಬ್ಬ ನುಡಿಯಲ್ಲಿ, ಮತ್ತೊಬ್ಬ ಶ್ರೀಲಿಪಿಯಲ್ಲಿ ಬರೆದರೆ ಒಬ್ಬರದ್ದು ಇನ್ನೊಬ್ಬರ ಗಣಕದಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ಯುನಿಕೋಡ್ ಬಂತು. ಎಲ್ಲರೂ ಒಂದೇ ಸಂಕೇತ ಒಪ್ಪಿದೆವು. ಅದರಿಂದ ಯಾರ ಶೈಲಿಯೂ ಸತ್ತಿಲ್ಲ, ನಿಮ್ಮ ಬರಹ ನಿಮ್ಮದೇ, ನನ್ನ ಕೊರೆತ ನನ್ನದೇ.

ಒಡಂಬಡಿಕೆಗೆ ಸಹಿ ಹಾಕಿ ಶಾಲು ಹೊದೆಸಿಕೊಂಡ ಫೋಟೋ ಪೇಪರಿನಲ್ಲಿ ಬರುವುದು ಸುಲಭ. ಅದು ನಿಜವಾಗಿ ನಡೆಯುತ್ತಿದೆಯಾ ಎಂದು ತಿಳಿಯಲು ನನ್ನ ಬಳಿ ಒಂದೇ ಅಳತೆ. ಮುಂದಿನ ಸಲ ಊರಿಗೆ ಹೋದಾಗ ಅಕ್ಕ, "ಪೆರಿಯದಲ್ಲಿ ಒಂದು ವಾರ ಟ್ರೈನಿಂಗ್ ಉಂಟು ಮಾರಾಯ, ಮಗುವನ್ನು ಯಾರು ನೋಡಿಕೊಳ್ಳುವುದು" ಅಂತ ತಲೆಬಿಸಿ ಮಾಡಿಕೊಂಡಿರಬೇಕು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ರಜೆ ಹಾಕಿಯಾದರೂ.

ನಿಮ್ಮ ಊರಿನ ಆಚೀಚೆಯ ವಿವಿಗಳ ಕಥೆ ಏನು? ಕೂಡಿ ಮಾಡಿ ಗೆದ್ದದ್ದು ಏನಾದರೂ ಇದೆಯಾ? ಇದ್ದರೆ ಹೇಳಿ, ಅಕ್ಕನಿಗೆ ಓದಿ ಹೇಳಬೇಕು.