ಸಾದಿಲ್ವಾರಿಗೆ ಬೀಳುವ ಕತ್ತರಿ

ಮೂರು ದಶಕಗಳಿಂದ ಸರ್ಕಾರಿ ಕಡತಗಳನ್ನು ಕಂಡ ನಾನು ಬಲ್ಲೆ: ಮಿತವ್ಯಯದ ಆದೇಶ ಹೊರಟಾಗ ಕತ್ತರಿ ಮೊದಲು ಬೀಳುವುದು ಸಾದಿಲ್ವಾರು ವೆಚ್ಚಕ್ಕೆ. ಸರ್ಕಾರಿ ಶಾಲೆಯಲ್ಲಿ ಹಾಗೆಂದರೆ ಪ್ರನಾಳ, ಭೂತಗನ್ನಡಿ, ರಾಸಾಯನಿಕ. ಸಂಬಳ, ಕಟ್ಟಡಗಳು ಉಳಿಯುತ್ತವೆ. ಪ್ರಯೋಗ ನಿಂತು ವಿಜ್ಞಾನ ಬಾಯಿಪಾಠವಾಗುತ್ತದೆ.

ಪ್ರಯೋಗವನ್ನು ಉಳಿಸಲು ಅಪಾರ ಹಣ ಬೇಕಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಅಗ್ಗದ ಸಾಮಗ್ರಿಗಳಿಂದಲೇ ಹಳ್ಳಿಯ ಮಕ್ಕಳಿಂದ ಪ್ರಯೋಗ ಮಾಡಿಸಿತು. ಅದಕ್ಕೆ ಆಧಾರವಾಗಿದ್ದುದು ಶಿಕ್ಷಕರ ನಿರಂತರ ತರಬೇತಿ, ಸಾಮಗ್ರಿಗಳ ಮರುಪೂರೈಕೆ.

ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಿಗೆ ಬರುವವರು ಬಹುಪಾಲು ದುಡಿಯುವವರ ಮಕ್ಕಳು. ಶಾಲೆಯಲ್ಲಿ ಕಾಣದ ಪ್ರಯೋಗವನ್ನು ಅವರು ಬೇರೆಲ್ಲಿ ಕಂಡಾರು? ಪಾಲಿಕೆಯ ಆಯವ್ಯಯ ಸಿದ್ಧವಾಗುವ ಮುನ್ನ ನಮ್ಮ ಸಂಘಗಳು ಒಂದೇ ಬೇಡಿಕೆ ಸಲ್ಲಿಸಲಿ: ಪ್ರಯೋಗಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ, ಅದಕ್ಕೆ ಕತ್ತರಿ ಬೀಳದಿರಲಿ.